ಇದಲ್ಲ

ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಬೋರ್ಡು ಓದಿದವಳಲ್ಲ.
ಮಲಯಾಳದ ಅಕ್ಷರ ಅವಳಿಗೆ ಬರೇ ಸುರುಳಿ,
ಅಂಚು ಬಿಚ್ಚಿದ ಸೀರೆಯ ನೂಲು.
ಪಕ್ಕದಲ್ಲಿ ನಿಂತವರನ್ನು ಕೇಳುವುದು, ಅಷ್ಟೆ.
ಮೀನಿನ ಬುಟ್ಟಿಯವಳೋ, ಟೊಪ್ಪಿ ಹಾಕಿದ ಬ್ಯಾರಿಯೋ,
ಬೇಳದ ಇಗರ್ಜಿಗೆ ಹೊರಟ ಬಾಯಮ್ಮನೋ.
"ಇದಲ್ಲ" ಅನ್ನುತ್ತಿದ್ದರು.
ಗಡಿಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಕೇಳುವ ಮಾತು ಅದು.
ಅಮ್ಮ ಮೆಟ್ಟಿಲಿಂದ ಕಾಲು ಹಿಂದೆ ತೆಗೆಯುತ್ತಿದ್ದಳು.
ತಪ್ಪಿದ್ದೂ ಉಂಟು. ಒಮ್ಮೆ ಕುಂಬಳೆಗೆಂದು ಹೊರಟು
ಬಾಯಾರಿನಲ್ಲಿ ಇಳಿದು, ಹೇಳಿದವನ ಏಳು ತಲೆಮಾರಿಗೆ ಬೈದು,
ವಾಪಸು ಬರುವ ಬಸ್ಸಿಗೆ ಇನ್ನೊಬ್ಬನನ್ನು ಕೇಳಿದಳು.

ನನಗೀಗ ಐವತ್ತೆರಡು. ಹೊಲಿಗೆ ಕಸುಬು.
ಮೊನ್ನೆ ಶಾಲೆ ಸುರುವಾಗುವ ಮೊದಲು
ನೂರ ಹದಿನಾರು ಯೂನಿಫಾರ್ಮು ಮುಗಿಸಿ
ಮೆಷಿನಿನ ಸ್ವಿಚ್ಚು ತೆಗೆದೆ.
ನಿಲ್ಲಲಿಲ್ಲ.
ಎಡಗಿವಿಯೊಳಗೆ ಓಡುತ್ತಲೇ ಇದೆ,
ಬಟ್ಟೆ ಇಲ್ಲ, ನೂಲಿಲ್ಲ, ಬರೇ ಓಟ.

ರಾತ್ರಿ ಹನ್ನೆರಡೂವರೆಗೆ ಮೊಬೈಲಿನಲ್ಲಿ
ಒಂದೊಂದೇ ಅಕ್ಷರ ಕುಟ್ಟಿ ಕೇಳಿದೆ.
ಯಾರನ್ನು? ಎಲ್ಲರನ್ನು. ಅಂದರೆ ಯಾರನ್ನೂ ಅಲ್ಲ.
ಬಂತು ನೋಡಿ.
ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎರಡು ಹನಿ, ಮೂರು ದಿನ.
ವಾಯು.
ತಲೆಯೊಳಗೆ ಗಡ್ಡೆ, ತಡ ಮಾಡಬೇಡಿ ಅಕ್ಕ.
ಸಾವಿರದ ನಾನೂರಕ್ಕೆ ಒಂದು ಕುಪ್ಪಿ, ಅಂಚೆಗೆ ಬೇರೆ.
ಮತ್ತೊಬ್ಬ: ಭಾಗ್ಯ ನಿಮ್ಮದು, ಇದು ಓಂಕಾರ.
ಎಷ್ಟು ಗಟ್ಟಿ ಎಲ್ಲರೂ! ಒಬ್ಬರಿಗೂ ಕೆಮ್ಮು ಬರುವುದಿಲ್ಲ,
ಮಾತು ತಡೆಯುವುದಿಲ್ಲ.
ಬಸ್ ಸ್ಟ್ಯಾಂಡಿನಲ್ಲಾದರೆ ನೋಡಬಹುದಿತ್ತು,
ಬೆರಳು ತೋರಿಸುವಾಗ ಕಣ್ಣು ಎತ್ತ ಹೋಗುತ್ತದೆಂದು.

ಎಣ್ಣೆ ಒಲೆಯ ಮೇಲಿತ್ತು. ಬೆಳ್ಳುಳ್ಳಿ ಕೆಂಪಾಗಿತ್ತು.
ಆಗ ಒಂದು ಮಿಂಚುಳ್ಳಿ,
ಮುಖದ ಜಾಗದಲ್ಲಿ ಹಕ್ಕಿಯ ಚಿತ್ರ, ಹೆಸರಿಲ್ಲ:
"ಎಣ್ಣೆ ಹಾಕಬೇಡಿ. ನನ್ನದೊಂದು ಕಿವಿ ಹಾಗೆಯೇ ಹೋಯಿತು.
ನಿಮಗೆ ಏನಾಗಿದೆ ಅಂತ ನನಗೆ ಗೊತ್ತಿಲ್ಲ."

ಸುಳ್ಳೂ ಇರಬಹುದು. ಕಿವಿ ಎರಡೂ ನೆಟ್ಟಗಿದ್ದು
ಎಲ್ಲೋ ಕೂತು ತಮಾಷೆಗೆ ಬರೆದಿರಬಹುದು.
ಆದರೆ ಗೊತ್ತಿಲ್ಲ ಅಂದದ್ದು ಆ ರಾತ್ರಿ ಅದೊಂದೇ ಹಕ್ಕಿ.
ಒಲೆ ಆರಿಸಿದೆ.
ಬೆಳಿಗ್ಗೆ ಅದೇ ಎಣ್ಣೆ ಬಸಳೆ ಪದಾರ್ಥಕ್ಕೆ ಒಗ್ಗರಣೆಯಾಯಿತು.
ನಾದಿನಿ ಜಲಜಾಕ್ಷಿ ಇನ್ನೊಂದು ಸೌಟು ಹಾಕಿಸಿಕೊಂಡಳು.

ಕಾಸರಗೋಡಿನ ಡಾಕ್ಟರು ದೀಪ ಹಿಡಿದು ಕಿವಿ ನೋಡಿ
ಮಲಯಾಳದಲ್ಲಿ ಉದ್ದಕ್ಕೆ ಏನೋ ಹೇಳಿದರು.
ಸರತಿಯಲ್ಲಿ ನನ್ನ ಹಿಂದಿದ್ದವಳು, ಮೈಮೂನ ಅಂತೆ ಹೆಸರು,
ಕನ್ನಡಕ್ಕೆ ತಿರುಗಿಸಿದಳು:
"ಹೆದರಬೇಡಿ ಅಂತ. ಮೆಷಿನಿನ ಸದ್ದು ತಿಂದದ್ದಂತೆ."
ಅಷ್ಟುದ್ದದ ಮಾತು ಇಷ್ಟೇ ಆಯಿತಲ್ಲ.
ಮಿಕ್ಕ ಬಟ್ಟೆ ಎಲ್ಲಿ ಎಂದು ಗಿರಾಕಿಗಳು ನನ್ನನ್ನು ಕೇಳುವುದುಂಟು.
ನಾನು ಕೇಳಲಿಲ್ಲ. ಅವಳ ಕೈ ನನ್ನ ಭುಜದ ಮೇಲಿತ್ತು.

ಹೊಸ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ,
ಸಿಮೆಂಟು ಹಿಡಿದ ಪ್ಯಾಂಟು, ಯಾವ ದೂರದ ಊರಿನವನೋ,
ಒಂದೇ ಶಬ್ದ ಹಿಡಿದುಕೊಂಡು ಬಂದಿದ್ದ:
"ಮುಳ್ಳೇರಿಯ?"
ಎದುರಿನ ಬಸ್ಸು ತೋರಿಸಿದ.
"ಇದಲ್ಲ" ಅಂದೆ.
ಕಾಲು ಹಿಂದೆ ತೆಗೆದ. ಬಸ್ಸು ಹೋಯಿತು.
ಹೋದ ಮೇಲೆ ಹೊಳೆಯಿತು,
ಬೋರ್ಡು ನಾನೂ ಸರಿಯಾಗಿ ಓದಿರಲಿಲ್ಲ.

ನನ್ನ ತಲಪಾಡಿ ಬಸ್ಸು ಬಂತು, ಕಂಡಕ್ಟರು ಬಾಗಿಲು ಬಡಿದು ಕರೆದ.
ಹತ್ತಲಿಲ್ಲ.
ಹುಡುಗನ ಪಕ್ಕ ನಿಂತೆ,
ಎಡಗಿವಿಯಲ್ಲಿ ಮೆಷಿನು, ಬಲಗಿವಿಯಲ್ಲಿ ಪೇಟೆ,
ಅವನ ಬಸ್ಸು ಬರುವವರೆಗೆ.